ಟೈಮ್ಸ್ ಸ್ಕ್ವೇರ್: ಯಾವಾಗ ಹೋಗಬೇಕು, ಎಲ್ಲಿ ನಿಲ್ಲಬೇಕು, ಹೇಗೆ ಹೊರಬರಬೇಕು?

ಪ್ರಶ್ನೆ: ಡಿಸೆಂಬರ್ ಮೊದಲ ವಾರ ಮಗನ ಮನೆಗೆ ಹೋಗುತ್ತಿದ್ದೇನೆ. ನ್ಯೂಜೆರ್ಸಿಯ ಎಡಿಸನ್. ಜನವರಿ ಕೊನೆಯವರೆಗೆ ಇರುತ್ತೇನೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಹೊಸ ವರ್ಷದ ರಾತ್ರಿ ಕಟ್ಟಡದ ನೆತ್ತಿಯಲ್ಲಿ ದೀಪದ ದೊಡ್ಡ ಗೋಳ, ಅದೇ ಬಾಲ್, ಇಳಿಯುವುದನ್ನು ಟಿವಿಯಲ್ಲಿ ನೋಡಿದಾಗಿನಿಂದ ಒಮ್ಮೆ ಕಣ್ಣಾರೆ ನೋಡಬೇಕು ಅಂತ ಆಸೆ. ಮಗ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಸೊಸೆ ‘ಅಲ್ಲಿ ಜಾಹೀರಾತು ಬಿಟ್ಟರೆ ಇನ್ನೇನಿದೆ ಅತ್ತೆ, ಬರೀ ನೂಕುನುಗ್ಗಲು’ ಅನ್ನುತ್ತಾಳೆ. ನನಗೆ 66 ವರ್ಷ. ಎಡಮಂಡಿ ಸ್ವಲ್ಪ ತೊಂದರೆ ಕೊಡುತ್ತದೆ. ಜೊತೆಗೆ 7 ವರ್ಷದ ಮೊಮ್ಮಗಳು ಬರುತ್ತಾಳೆ. ಹೋಗಬಹುದಾ? ಹೋದರೆ ಹೇಗೆ, ಏನೇನು ಎಚ್ಚರಿಕೆ ಬೇಕು?

ಉತ್ತರ: ಮೊದಲು ಡಿಸೆಂಬರ್ 31ರ ಮಾತು ಮುಗಿಸಿಬಿಡೋಣ. ಬೇಡ. ಟೈಮ್ಸ್ ಸ್ಕ್ವೇರ್‌ಗೆ ಧಾರಾಳವಾಗಿ ಹೋಗಿ, ಆದರೆ ಬೇರೆ ಯಾವುದಾದರೂ ದಿನ ಹೋಗಿ.

ಟಿವಿಯಲ್ಲಿ ನೀವು ನೋಡಿದ್ದು ಕೊನೆಯ ಒಂದು ನಿಮಿಷ. ರಾತ್ರಿ 11 ಗಂಟೆ 59 ನಿಮಿಷಕ್ಕೆ ಬಾಲ್ ಇಳಿಯಲು ಶುರುವಾಗುತ್ತದೆ. 60 ಸೆಕೆಂಡಿಗೆ ಕೆಳಗೆ ಬರುತ್ತದೆ. ಬಣ್ಣದ ಕಾಗದದ ಚೂರು ಹಾರುತ್ತವೆ. ಅಷ್ಟೇ. ಆ ಒಂದು ನಿಮಿಷಕ್ಕಾಗಿ ಜನ ಮಧ್ಯಾಹ್ನದಿಂದಲೇ ಬಂದು ನಿಂತಿರುತ್ತಾರೆ. ಪೊಲೀಸರು ಕಬ್ಬಿಣದ ಬೇಲಿ ಹಾಕಿ ಬೀದಿಯನ್ನು ಖಾನೆ ಖಾನೆ ಮಾಡಿರುತ್ತಾರೆ. ಒಂದು ಖಾನೆ ತುಂಬಿದ ಮೇಲೆ ಮುಂದಿನದು. ಒಳಗೆ ಹೋಗುವಾಗ ತಪಾಸಣೆ. ದೊಡ್ಡ ಬ್ಯಾಗ್ ಬಿಡುವುದಿಲ್ಲ, ಕೊಡೆ ಬಿಡುವುದಿಲ್ಲ, ಮಡಚುವ ಕುರ್ಚಿಯೂ ಇಲ್ಲ. ಮೈಸೂರಿನಲ್ಲಿ ಜಂಬೂಸವಾರಿಗೆ ಕಾದು ಕುಳಿತ ಹಾಗೆ ಅಂದುಕೊಳ್ಳಬೇಡಿ. ಅಲ್ಲಿ ಪಕ್ಕದವರಿಗೆ ‘ಸ್ವಲ್ಪ ಜಾಗ ನೋಡ್ಕೊಳ್ಳಿ’ ಅಂತ ಹೇಳಿ ಎದ್ದು ಹೋಗಿ ಬರಬಹುದು. ಇಲ್ಲಿ ಖಾನೆಯಿಂದ ಒಮ್ಮೆ ಹೊರಗೆ ಕಾಲಿಟ್ಟರೆ ಜಾಗ ಹೋಯಿತು. ಶೌಚಾಲಯ ಒಂದೂ ಇಡುವುದಿಲ್ಲ. ಕೆಲವರು ದೊಡ್ಡವರ ಡೈಪರ್ ಹಾಕಿಕೊಂಡೇ ಬರುತ್ತಾರೆ, ತಮಾಷೆಗೆ ಹೇಳುತ್ತಿಲ್ಲ. ಡಿಸೆಂಬರ್ ಕೊನೆಯ ರಾತ್ರಿ ತಾಪಮಾನ ಸೊನ್ನೆಯ ಆಸುಪಾಸು ಇರುತ್ತದೆ, ಎಷ್ಟೋ ವರ್ಷ ಅದಕ್ಕಿಂತ ಕೆಳಗೆ. ಎಂಟು ಹತ್ತು ಗಂಟೆ ನಿಂತಲ್ಲೇ ನಿಲ್ಲುವುದು ಇಪ್ಪತ್ತರ ಹುಡುಗರಿಗೇ ಕಷ್ಟ. ಮಂಡಿನೋವಿನವರಿಗೂ ಏಳು ವರ್ಷದ ಮಗುವಿಗೂ ಹೇಳಿ ಮಾಡಿಸಿದ ಶಿಕ್ಷೆ ಅದು.

ಇನ್ನೊಂದು ಮಾತು. ಬೀದಿಯಲ್ಲಿ ನಿಂತು ನೋಡುವುದಕ್ಕೆ ಟಿಕೆಟ್ಟೇ ಇಲ್ಲ, ಪೂರ್ತಿ ಉಚಿತ. ಯಾರಾದರೂ ‘ಸ್ಕ್ವೇರ್ ಒಳಗೆ ನಿಲ್ಲುವ ಪಾಸ್’ ಅಂತ ಮಾರಲು ಬಂದರೆ ಅದು ಮೋಸ.

ಬಾಲ್ ನೋಡಲೇಬೇಕು ಅನ್ನುವ ಆಸೆಗೆ ಬೇರೆ ದಾರಿ ಇದೆ. 2009ರಿಂದ ಅದು ವರ್ಷವಿಡೀ ಒನ್ ಟೈಮ್ಸ್ ಸ್ಕ್ವೇರ್ ಕಟ್ಟಡದ ನೆತ್ತಿಯ ಮೇಲೆಯೇ ಇರುತ್ತದೆ. ಮೊದಲ ಬಾಲ್ ಇಳಿದದ್ದು 1907ರ ಡಿಸೆಂಬರ್ 31ಕ್ಕೆ. ಕಬ್ಬಿಣ ಮತ್ತು ಮರದ್ದು, ಐದಡಿ ಅಡ್ಡಗಲ, 25 ವ್ಯಾಟ್‌ನ ನೂರು ಬಲ್ಬು. ಅದಕ್ಕೂ ಮೊದಲು ಅಲ್ಲಿ ಪಟಾಕಿ ಹಾರಿಸುತ್ತಿದ್ದರು. ನಗರಾಡಳಿತ ಅದನ್ನು ನಿಲ್ಲಿಸಿತು, ಅದರ ಬದಲಿಗೆ ಬಾಲ್ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942 ಮತ್ತು 1943ರಲ್ಲಿ, ದೀಪ ತಗ್ಗಿಸಬೇಕಿದ್ದರಿಂದ ಬಾಲ್ ಇಳಿಯಲಿಲ್ಲ. ಜನ ಮಾತ್ರ ಬಂದರು, ಒಂದು ನಿಮಿಷ ಮೌನವಾಗಿ ನಿಂತರು. ನೀವು ಡಿಸೆಂಬರ್‌ನಲ್ಲೇ ಹೋದರೆ ಮೊಮ್ಮಗಳಿಗೆ ಒಂದು ಕೆಲಸ ಕೊಡಬಹುದು. ಆ ತಿಂಗಳು ಅಲ್ಲಿ ಒಂದು ಗೋಡೆ ಇಟ್ಟಿರುತ್ತಾರೆ. ಬಣ್ಣದ ಚೀಟಿಯ ಮೇಲೆ ಹೊಸ ವರ್ಷದ ಆಸೆ ಬರೆದು ಅಂಟಿಸುವುದು. ಅದೇ ಚೀಟಿಗಳು 31ರ ರಾತ್ರಿ ಉಳಿದ ಕಾಗದದ ಚೂರಿನ ಜೊತೆ ಹಾರುತ್ತವೆ. ಕನ್ನಡದಲ್ಲಿ ಬರೆದರೂ ಯಾರೂ ಬೇಡ ಅನ್ನುವುದಿಲ್ಲ. 31ಕ್ಕೆ ಮನೆಯಲ್ಲಿ ರಗ್ಗು ಹೊದ್ದು ಟಿವಿ ಮುಂದೆ ಕುಳಿತಾಗ ‘ನನ್ನ ಚೀಟಿ’ ಅಂತ ಅವಳು ಹುಡುಕಲಿ.

ಹಾಗಾದರೆ ಯಾವಾಗ? ಡಿಸೆಂಬರ್ ಎರಡನೇ ವಾರದ ಒಂದು ಸೋಮವಾರ ಅಥವಾ ಮಂಗಳವಾರ. ಬುಧವಾರ ಬೇಡ. ಬುಧವಾರ ಮತ್ತು ಶನಿವಾರ ಸುತ್ತಲಿನ ಥಿಯೇಟರುಗಳ ನಾಟಕಗಳಿಗೆ ಮಧ್ಯಾಹ್ನದ ಆಟವೂ ಇರುತ್ತದೆ, ಆ ಜನವೆಲ್ಲ ಸಂಜೆ ಒಟ್ಟಿಗೆ ಹೊರಗೆ ಬೀಳುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವಂತೂ ಆ ಕಡೆ ತಲೆ ಹಾಕಬೇಡಿ. ಡಿಸೆಂಬರ್‌ನಲ್ಲಿ ಆಗದಿದ್ದರೆ ಜನವರಿ ಎರಡನೇ ವಾರದ ಮೇಲೆ ಹೋಗಿ. ಚಳಿ ಜಾಸ್ತಿ, ಜನ ಕಡಿಮೆ.

ಹೊತ್ತು ಮುಖ್ಯ. ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಇದು ನಿಮ್ಮ ಅದೃಷ್ಟ. ಬೇಸಿಗೆಯಲ್ಲಿ ಬಂದವರು ದೀಪ ನೋಡಲು ರಾತ್ರಿ ಒಂಬತ್ತರವರೆಗೆ ಕಾಯಬೇಕು. ನೀವು ನಾಲ್ಕು ಗಂಟೆಗೆ ಅಲ್ಲಿದ್ದರೆ ಹಗಲು, ಮುಸ್ಸಂಜೆ, ಕತ್ತಲು ಮೂರನ್ನೂ ಒಂದೂವರೆ ಗಂಟೆಯಲ್ಲಿ ನೋಡಿ, ಆಫೀಸು ಬಿಟ್ಟ ಜನ ಬೀದಿ ತುಂಬುವ ಹೊತ್ತಿಗೆ ಜಾಗ ಖಾಲಿ ಮಾಡಬಹುದು. ಅದಕ್ಕಿಂತ ಜಾಸ್ತಿ ಹೊತ್ತು ಬೇಕಿಲ್ಲ. ಅಲ್ಲಿ ಸುಸ್ತಾಗಿ, ಸಿಡುಕಿ, ‘ಯಾಕಾದರೂ ಬಂದೆವೋ’ ಅನ್ನುವವರನ್ನು ಗಮನಿಸಿ. ಅವರು ಮೂರು ಗಂಟೆಯಿಂದ ಅತ್ತಿಂದಿತ್ತ ಸುಮ್ನೆ ನಡೆಯುತ್ತಿರುತ್ತಾರೆ. ಆ ಜಾಗ ಸುತ್ತಾಡುವುದಕ್ಕಲ್ಲ. ಒಂದು ಕಡೆ ನೆಲೆ ಹಿಡಿದು ನೋಡಬೇಕು, ಆಮೇಲೆ ಪಕ್ಕದ ಬೀದಿಯಿಂದ ಜಾರಿಕೊಳ್ಳಬೇಕು. ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ.

ಎಲ್ಲಿ ನೆಲೆ ಹಿಡಿಯುವುದು ಅನ್ನಲು ಜಾಗದ ಆಕಾರ ಗೊತ್ತಿರಬೇಕು. ನ್ಯೂಯಾರ್ಕಿನ ಈ ಭಾಗ ಮ್ಯಾನ್‌ಹ್ಯಾಟನ್. ಇಲ್ಲಿನ ರಸ್ತೆಗಳು ಗೀಟು ಹೊಡೆದ ಹಾಗೆ ಅಡ್ಡ ಉದ್ದ ಇವೆ. ಅಡ್ಡ ಹೋಗುವವು ಬೀದಿ, ಉದ್ದಕ್ಕೆ ಹೋಗುವವು ಅವೆನ್ಯೂ. ಬ್ರಾಡ್‌ವೇ ಅನ್ನುವ ರಸ್ತೆ ಒಂದೇ ಅವನ್ನೆಲ್ಲ ಓರೆಯಾಗಿ ಕತ್ತರಿಸಿಕೊಂಡು ಬರುತ್ತದೆ. ಅದು ಏಳನೇ ಅವೆನ್ಯೂವನ್ನು ದಾಟುವಲ್ಲಿ ಎರಡು ಉದ್ದನೆಯ ತ್ರಿಕೋನಗಳು ಮೂತಿಗೆ ಮೂತಿ ಕೂಡಿಕೊಂಡಿವೆ. 42ನೇ ಬೀದಿಯಿಂದ 47ನೇ ಬೀದಿಯವರೆಗೆ. ದಕ್ಷಿಣದ ತುದಿಯಲ್ಲಿ ಬಾಲ್ ಇರುವ ಸಪೂರ ಕಟ್ಟಡ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಕಚೇರಿಗಾಗಿ ಕಟ್ಟಿಸಿದ್ದು ಅದು. 1904ರಲ್ಲಿ ಲಾಂಗ್‌ಏಕರ್ ಸ್ಕ್ವೇರ್ ಅನ್ನುವ ಹಳೆಯ ಹೆಸರು ಹೋಗಿ ಈಗಿನ ಹೆಸರು ಬಂತು. ಪತ್ರಿಕೆ ಹತ್ತು ವರ್ಷದೊಳಗೆ ಬೇರೆ ಕಟ್ಟಡಕ್ಕೆ ಹೋಯಿತು, ಹೆಸರು ಉಳಿಯಿತು. ಉತ್ತರದ ತುದಿಯಲ್ಲಿ, 47ನೇ ಬೀದಿಯ ಪಕ್ಕ, ಕೆಂಪು ಗಾಜಿನ ಮೆಟ್ಟಿಲುಗಳು.

ನಿಮ್ಮ ಜಾಗ ಈ ಕೆಂಪು ಮೆಟ್ಟಿಲು. 2008ರಲ್ಲಿ ಕಟ್ಟಿದ್ದು, ಒಟ್ಟು 27 ಮೆಟ್ಟಿಲು. ಕತ್ತಲಾದಾಗ ಕೆಳಗಿನಿಂದ ಕೆಂಪಗೆ ಹೊಳೆಯುತ್ತವೆ. ಎಲ್ಲ ಹತ್ತಬೇಕಿಲ್ಲ. ಆರೇಳು ಮೆಟ್ಟಿಲು ಹತ್ತಿ ಕುಳಿತರೆ ಸಾಕು, ಎದುರಿಗಿನ ಜನರ ತಲೆಯ ಮೇಲಿಂದ ದಕ್ಷಿಣದ ತುದಿಯವರೆಗೂ ಕಾಣುತ್ತದೆ. ಮಳೆ, ಹಿಮ ಬಿದ್ದ ದಿನ ಗಾಜು ಜಾರುತ್ತದೆ, ಆಗ ಹತ್ತಲೇಬೇಡಿ. ಕೆಳಗೆ ಕಲ್ಲಿನ ಬೆಂಚುಗಳಿವೆ, ಅವು ಸಾಕು. ಅಂಥ ಉದ್ದನೆಯ ಗ್ರಾನೈಟ್ ಬೆಂಚು ಒಟ್ಟು ಹತ್ತು ಇವೆ. ಕುಳಿತು ಒಮ್ಮೆ ಕಾಲ ಕೆಳಗೂ ನೋಡಿ. ಬೂದು ಬಣ್ಣದ ನೆಲದ ಕಲ್ಲಿನಲ್ಲಿ ನಾಣ್ಯದಷ್ಟು ಅಗಲದ ಉಕ್ಕಿನ ಬಿಲ್ಲೆಗಳನ್ನು ಕೂರಿಸಿದ್ದಾರೆ. ಹಗಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ದೀಪ ಹತ್ತಿದ ಮೇಲೆ ಮೇಲಿನ ಬಣ್ಣವೆಲ್ಲ ಅವುಗಳ ಮೇಲೆ ಬಿದ್ದು ನೆಲ ಮಿನುಗುತ್ತದೆ. ಮೊಮ್ಮಗಳಿಗೆ ಎಣಿಸುವ ಕೆಲಸ ಹಚ್ಚಿದರೆ ಕಾಲು ಗಂಟೆ ನಿಮ್ಮ ಕೈಯಲ್ಲಿ.

ಈ ಬೆಂಚು, ಕುರ್ಚಿ, ನಡೆಯುವ ಜಾಗ ಎಲ್ಲ ಇತ್ತೀಚಿನವು. 2009ರ ಮೇ ತಿಂಗಳವರೆಗೆ ಇಲ್ಲಿ ಬ್ರಾಡ್‌ವೇ ತುಂಬ ಕಾರುಗಳು ಓಡುತ್ತಿದ್ದವು. ಜನ ಫುಟ್‌ಪಾತ್ ಸಾಲದೆ ರಸ್ತೆಗಿಳಿಯುತ್ತಿದ್ದರು. ಆಗ ಮೇಯರ್ ಆಗಿದ್ದ ಮೈಕೆಲ್ ಬ್ಲೂಮ್‌ಬರ್ಗ್ ಕಾಲದಲ್ಲಿ ಆ ಐದು ಬ್ಲಾಕ್‌ಗಳಲ್ಲಿ (ಒಂದು ಬೀದಿಯಿಂದ ಮುಂದಿನದರವರೆಗಿನ ದೂರ ಒಂದು ಬ್ಲಾಕ್) ಬ್ರಾಡ್‌ವೇಗೆ ಕಾರು ಬರದಂತೆ ಮುಚ್ಚಿದರು. ಮೊದಲು ಪ್ರಯೋಗ ಅಂತ ಅಗ್ಗದ ಮಡಚುವ ಕುರ್ಚಿ ತಂದು ರಸ್ತೆಯಲ್ಲೇ ಇಟ್ಟರು. ಜನ ಬಂದು ಕುಳಿತೇಬಿಟ್ಟರು. ಮರುವರ್ಷ ಅದನ್ನು ಕಾಯಂ ಮಾಡಿದರು. ಹಾಗಾಗಿ ಹಿಂದೆ ಇದನ್ನು ನೋಡಿ ಬಂದವರು ಯಾರಾದರೂ ‘ಅಯ್ಯೋ, ಅಲ್ಲಿ ರಸ್ತೆ ದಾಟುವುದೇ ಪ್ರಾಣಸಂಕಟ’ ಅಂದರೆ ಅವರು ಹಳೆಯ ಕಥೆ ಹೇಳುತ್ತಿದ್ದಾರೆ. ಏಳನೇ ಅವೆನ್ಯೂದಲ್ಲಿ ಮಾತ್ರ ವಾಹನ ಈಗಲೂ ಓಡುತ್ತವೆ. ಅದರಿಂದ ಒಂದು ಉಪಕಾರವೂ ಇದೆ. ಅವೆಲ್ಲ ಹೋಗುವುದು ದಕ್ಷಿಣಕ್ಕೆ ಮಾತ್ರ. ದಿಕ್ಕು ತಪ್ಪಿತು ಅನಿಸಿದರೆ ಕಾರು ಹೋಗುವ ಕಡೆ ನೋಡಿ, ಅದು ದಕ್ಷಿಣ, ಅತ್ತ ಹೋದಷ್ಟೂ ಬೀದಿ ಸಂಖ್ಯೆ ಇಳಿಯುತ್ತದೆ.

ಈಗ ಸೊಸೆಯ ಪ್ರಶ್ನೆ: ಜಾಹೀರಾತು ಬಿಟ್ಟರೆ ಇನ್ನೇನಿದೆ? ಜಾಹೀರಾತೇ ಇರುವುದು, ಅವರು ಹೇಳಿದ್ದು ನಿಜ. ಆದರೆ ಅದರ ಹಿಂದಿನ ಕಥೆ ಚೆನ್ನಾಗಿದೆ. ಬೇರೆ ಊರುಗಳಲ್ಲಿ ನಗರಾಡಳಿತ ‘ಬೋರ್ಡ್ ತೆಗೆಯಿರಿ’ ಅಂತ ನೋಟಿಸ್ ಕೊಡುತ್ತದೆ, ಅಲ್ವಾ? ಇಲ್ಲಿ ಉಲ್ಟಾ. 1980ರ ದಶಕದಲ್ಲಿ ಇಲ್ಲಿ ದೊಡ್ಡ ದೊಡ್ಡ ಆಫೀಸ್ ಕಟ್ಟಡಗಳ ಯೋಜನೆ ಬಂತು. ರಾತ್ರಿಯಾದರೆ ಇಡೀ ಜಾಗ ಕತ್ತಲಾಗಿಬಿಡುತ್ತದೆ ಅಂತ ಊರಿನ ಅಭಿಮಾನಿಗಳಿಗೆ ಭಯವಾಯಿತು. 1984ರಲ್ಲಿ ಒಂದು ಸಂಜೆ ಅವರು ಬೋರ್ಡುಗಳ ದೀಪ ಆರಿಸಿಸಿ ಹೇಗಿರುತ್ತದೆ ಅಂತ ತೋರಿಸಿದರು. 1987ರಲ್ಲಿ ನಿಯಮ ಬಂತು: ಇಲ್ಲಿ ಹೊಸ ಕಟ್ಟಡ ಕಟ್ಟುವವರು ಹೊಳೆಯುವ ಫಲಕ ಹಾಕಲೇಬೇಕು, ಇಂತಿಷ್ಟು ಪ್ರಕಾಶ ಇರಲೇಬೇಕು. ಅದನ್ನು ಅಳೆಯಲು ಬೇರೆಯದೇ ಒಂದು ಮಾಪನ ಮಾಡಿಕೊಂಡರು. ಬಾಲ್ ಇರುವ ಆ ಕಟ್ಟಡವಂತೂ ದಶಕಗಳ ಕಾಲ ಒಳಗೆ ಬಹುಪಾಲು ಖಾಲಿ ಬಿದ್ದಿತ್ತು. ಬಾಡಿಗೆಗಿಂತ ಹೊರಗೋಡೆಯ ಜಾಹೀರಾತಿನಲ್ಲೇ ಜಾಸ್ತಿ ದುಡ್ಡು. ಇದೇ ಕಟ್ಟಡದ ಸುತ್ತ 1928ರಲ್ಲಿ ಬಲ್ಬುಗಳಲ್ಲಿ ಓಡುವ ಸುದ್ದಿಪಟ್ಟಿ ಹಾಕಿದ್ದರು. ಆಗ ಚುನಾವಣೆಯ ಫಲಿತಾಂಶ ನೋಡಲು ಜನ ಕೆಳಗೆ ನಿಂತು ಓದುತ್ತಿದ್ದರು. ಈಗ ಟಿವಿಯ ಕೆಳಭಾಗದಲ್ಲಿ ಓಡುವ ಸುದ್ದಿಪಟ್ಟಿ ಅದೇ ವಂಶದ್ದು.

ಸೊಸೆಗೆ ಇನ್ನೊಂದು ತೋರಿಸಿ, ಬಹುಶಃ ಅವರಿಗೂ ಗೊತ್ತಿರಲಿಕ್ಕಿಲ್ಲ. 45 ಮತ್ತು 46ನೇ ಬೀದಿಗಳ ನಡುವೆ, ಬ್ರಾಡ್‌ವೇ ಮೇಲಿನ ನಡೆಯುವ ಜಾಗದಲ್ಲಿ, ನೆಲದಲ್ಲಿ ಒಂದು ದೊಡ್ಡ ಕಬ್ಬಿಣದ ಜಾಲರಿ ಇದೆ. ಕೆಳಗಿನ ಸಬ್‌ವೇಗೆ, ಅಂದರೆ ನೆಲದಡಿಯ ರೈಲಿಗೆ, ಗಾಳಿಯಾಡಲು ಇರುವಂಥದ್ದು. ಅಲ್ಲಿ ಬೋರ್ಡಿಲ್ಲ, ಫಲಕವಿಲ್ಲ. ಜನ ಅದನ್ನು ತುಳಿದುಕೊಂಡು ಹೋಗುತ್ತಲೇ ಇರುತ್ತಾರೆ. ಅದರ ಮೇಲೆ ಒಂದು ನಿಮಿಷ ಮಾತಾಡದೆ ನಿಲ್ಲಿ. ಮೊದಲು ಏನೂ ಅನಿಸುವುದಿಲ್ಲ. ಆಮೇಲೆ ಹಾರ್ನ್, ಕಿರುಚಾಟ, ಸಂಗೀತಗಳ ಅಡಿಯಿಂದ ದಪ್ಪನೆಯ ಒಂದು ನಾದ ಮೇಲೆ ಬರುವುದು ಗೊತ್ತಾಗುತ್ತದೆ. ಏರುವುದಿಲ್ಲ, ಇಳಿಯುವುದಿಲ್ಲ, ನಿಲ್ಲುವುದೂ ಇಲ್ಲ. ನಾಲ್ಕು ಹೆಜ್ಜೆ ಆಚೆ ಹೋದರೆ ಮಾಯ. ಅದು ಯಂತ್ರದ ಸದ್ದಲ್ಲ. ಮ್ಯಾಕ್ಸ್ ನ್ಯೂಹಾಸ್ ಅನ್ನುವ ಕಲಾವಿದ 1977ರಲ್ಲಿ ಮಾಡಿಟ್ಟ ಕಲಾಕೃತಿ. 1992ರಲ್ಲಿ ನಿಂತಿತ್ತು, 2002ರಲ್ಲಿ ಮತ್ತೆ ಶುರು ಮಾಡಿದರು. ಹಗಲು ರಾತ್ರಿ ನಡೆಯುತ್ತಿರುತ್ತದೆ. ನನ್ನನ್ನು ಕೇಳಿದರೆ ಇಡೀ ಟೈಮ್ಸ್ ಸ್ಕ್ವೇರ್‌ನಲ್ಲಿ ಅತ್ಯುತ್ತಮವಾದದ್ದು ಇದೇ. ದುಡ್ಡೂ ಕೇಳುವುದಿಲ್ಲ.

ದುಡ್ಡು ಕೇಳುವವರ ವಿಷಯಕ್ಕೆ ಬಂದೆವು. ಎಚ್ಚರಿಕೆ ಏನು ಬೇಕು ಅಂತ ಕೇಳಿದ್ದೀರಲ್ಲ, ಅದು ಇಲ್ಲಿಯೇ ಬೇಕಾಗುವುದು. 1970, 80ರ ದಶಕಗಳಲ್ಲಿ 42ನೇ ಬೀದಿ ಕುಖ್ಯಾತವಾಗಿತ್ತು. ಕತ್ತಲಾದ ಮೇಲೆ ಸಂಸಾರಸ್ಥರು ಹೋಗುತ್ತಿರಲಿಲ್ಲ. 90ರ ದಶಕದಲ್ಲಿ ಅದು ಬದಲಾಯಿತು. 1903ರಲ್ಲಿ ತೆರೆದಿದ್ದ, ಪಾಳುಬಿದ್ದಿದ್ದ ನ್ಯೂ ಆಮ್‌ಸ್ಟರ್‌ಡ್ಯಾಮ್ ಥಿಯೇಟರನ್ನು ಡಿಸ್ನಿ ಕಂಪನಿ ದುರಸ್ತಿ ಮಾಡಿ 1997ರಲ್ಲಿ ಮತ್ತೆ ತೆರೆದದ್ದು ಆ ಬದಲಾವಣೆಯ ದೊಡ್ಡ ಗುರುತು. ಈಗ ಅಲ್ಲಿ ಸದಾ ಪೊಲೀಸರು ಕಾಣುತ್ತಾರೆ. ಫೋನು, ಪರ್ಸು ಒಳಜೇಬಿನಲ್ಲಿ ಇರಲಿ, ಜನಜಂಗುಳಿಯಲ್ಲಿ ಎಲ್ಲ ಕಡೆ ಇರುವ ಎಚ್ಚರಿಕೆ ಅದು. ನಿಜವಾಗಿ ನಿಮ್ಮ ಜೇಬಿಗೆ ಕತ್ತರಿ ಹಾಕುವವರು ನಗುನಗುತ್ತಾ ಎದುರಿಗೇ ಬರುತ್ತಾರೆ.

ಕಾರ್ಟೂನ್ ಬೊಂಬೆಯ ವೇಷ ಹಾಕಿದವರು ಮೊಮ್ಮಗಳ ಕಡೆ ಕೈ ಬೀಸುತ್ತಾರೆ. ಅವಳು ಓಡಿ ಹೋಗಿ ಅಪ್ಪಿಕೊಳ್ಳುತ್ತಾಳೆ. ನೀವು ಫೋಟೋ ತೆಗೆಯುತ್ತೀರಿ. ಅಷ್ಟರಲ್ಲಿ ಇನ್ನೂ ಮೂರು ವೇಷ ಬಂದು ಪಕ್ಕದಲ್ಲಿ ನಿಂತಿರುತ್ತವೆ, ಯಾರೂ ಕರೆದಿರುವುದಿಲ್ಲ. ಫೋಟೋ ಆದ ಮೇಲೆ ನಾಲ್ವರೂ ಬೇರೆ ಬೇರೆಯಾಗಿ ದುಡ್ಡು ಕೇಳುತ್ತಾರೆ. ಕಾನೂನಿನ ಪ್ರಕಾರ ಅದು ಟಿಪ್, ಇಷ್ಟೇ ಅಂತ ರೇಟಿಲ್ಲ. 2016ರಿಂದ ನಿಯಮವೂ ಇದೆ. ದುಡ್ಡಿಗಾಗಿ ಹೀಗೆ ನಿಲ್ಲುವವರು ನೆಲದ ಮೇಲೆ ನೀಲಿ-ಹಸಿರು ಬಣ್ಣ ಬಳಿದ ಚೌಕಗಳ ಒಳಗೇ ಇರಬೇಕು. ಹಾಗಾಗಿ ಉಪಾಯ ಸುಲಭ. ಫೋಟೋ ಬೇಡವೆಂದರೆ ಆ ಬಣ್ಣದ ಮೇಲೆ ಕಾಲಿಡಬೇಡಿ. ಬೇಕು ಅಂದರೆ ಒಬ್ಬರನ್ನೇ ಆರಿಸಿ, ಒಂದಿಷ್ಟು ಡಾಲರ್ ಮೊದಲೇ ಬಿಡಿಸಿ ಕೈಯಲ್ಲಿ ಇಟ್ಟುಕೊಳ್ಳಿ, ಕೊಟ್ಟು ಹೊರಡಿ. ಪರ್ಸ್ ತೆರೆದು ಹುಡುಕುತ್ತಾ ನಿಂತರೆ ಕೆಲಸ ಕೆಟ್ಟಿತು. ಮೈಗೆ ಬಣ್ಣ ಬಳಿದುಕೊಂಡು ಬಟ್ಟೆ ಅಂತ ಹೆಚ್ಚೇನೂ ಇಲ್ಲದವರೂ ಕಾಣಬಹುದು, ಚಡ್ಡಿ, ಟೋಪಿ, ಗಿಟಾರಿನಲ್ಲೇ ಚಳಿಗಾಲ ಕಳೆಯುವ ಒಬ್ಬ ಮನುಷ್ಯನೂ. ಗಾಬರಿ ಬೇಡ. ನಿರುಪದ್ರವಿಗಳು.

ಇನ್ನು ಲಾಗ ಹಾಕುವ ಹುಡುಗರು. ಜೋರು ಸಂಗೀತ, ದೊಡ್ಡ ವೃತ್ತ. ‘ಸಾಲಾಗಿ ನಿಂತ ಐದು ಜನರ ಮೇಲಿಂದ ಹಾರುತ್ತೇವೆ’ ಅನ್ನುತ್ತಾರೆ. ಪ್ರೇಕ್ಷಕರಲ್ಲಿ ಕೆಲವರನ್ನು ಎಳೆದು ತಂದು ನಿಲ್ಲಿಸುತ್ತಾರೆ. ಆಮೇಲೆ ಇಪ್ಪತ್ತು ನಿಮಿಷ ಮಾತು, ತಮಾಷೆ, ಟೋಪಿ ಹಿಡಿದು ವಸೂಲಿ. ಸಾಲಿನಲ್ಲಿ ನಿಂತವರ ಹತ್ತಿರ ಎಲ್ಲರೆದುರೇ ಕೇಳುತ್ತಾರೆ, ಇಲ್ಲ ಅನ್ನಲು ನಾಚಿಕೆ. ಹಾರುವುದು ಒಮ್ಮೆ. ಹುಡುಗರು ಪ್ರತಿಭಾವಂತರು, ನೋಡಲು ಚೆಂದ. ಆದರೆ ಎರಡನೇ ಸಾಲಿನ ಹಿಂದೆ ನಿಂತು ನೋಡಿ. ಮೊಮ್ಮಗಳ ಕೈ ಬಿಡಬೇಡಿ. ಎಲ್ಲರ ಕಣ್ಣು ಮೇಲಿರುವಾಗಲೇ ಬ್ಯಾಗಿನ ಮೇಲೆ ನಿಗಾ ಬೇಕು.

ಸಿಡಿ ಕೈಗಿಟ್ಟು ‘ಸುಮ್ನೆ ಇಟ್ಟುಕೊಳ್ಳಿ’ ಅನ್ನುವವರು, ಕೇಸರಿ ಬಟ್ಟೆಯಲ್ಲಿ ಬಂದು ಮಣಿಸರ ಕೊಟ್ಟು ದೇಣಿಗೆ ಪುಸ್ತಕ ಚಾಚುವವರು, ಹಾಸ್ಯ ಕಾರ್ಯಕ್ರಮದ ಟಿಕೆಟ್ಟಿನವರು, ಎಲ್ಲರಿಗೂ ಒಂದೇ ಔಷಧ. ಕೈ ಚಾಚಬೇಡಿ, ನಿಲ್ಲಬೇಡಿ. ಕೇಸರಿ ಕಂಡ ತಕ್ಷಣ ನಮ್ಮವರ ಕೈ ತಾನಾಗಿ ಜೋಡಿಸುತ್ತದೆ, ಅದೇ ಅವರಿಗೆ ಬಂಡವಾಳ. ಸೈಕಲ್ ರಿಕ್ಷಾದಲ್ಲಿ ಮಾತ್ರ ಅಪ್ಪಿತಪ್ಪಿಯೂ ಕೂರಬೇಡಿ. ಅವರ ದರ ನಿಮಿಷಕ್ಕೆ ಇಷ್ಟು ಅಂತ ಇರುತ್ತದೆ. ಟ್ರಾಫಿಕ್‌ನಲ್ಲಿ ನಿಂತರೂ ಮೀಟರು ಓಡುತ್ತದೆ.

ತಪ್ಪಿಸಿಕೊಂಡರೆ ಸೇರುವ ಜಾಗ ಮೊದಲೇ ಮಾತಾಡಿಕೊಳ್ಳಿ. ‘ಆ ಕೋಲಾ ಬೋರ್ಡಿನ ಕೆಳಗೆ’ ಅಂತ ಮಾತ್ರ ಹೇಳಬೇಡಿ. ಹತ್ತು ಸೆಕೆಂಡಿನಲ್ಲಿ ಅಲ್ಲಿ ಕೋಲಾ ಹೋಗಿ ಮೊಬೈಲ್ ಬಂದಿರುತ್ತದೆ. ಕೆಂಪು ಮೆಟ್ಟಿಲಿನ ಎದುರು, ದೊಡ್ಡ ಕಲ್ಲಿನ ಶಿಲುಬೆಯ ಮುಂದೆ ನಿಂತ ಪಾದ್ರಿಯ ಪ್ರತಿಮೆ ಇದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಜೊತೆಗಿದ್ದ ಫಾದರ್ ಡಫಿ. 1937ರಿಂದ ಅಲ್ಲೇ ಇದ್ದಾನೆ, ಎಲ್ಲೂ ಹೋಗುವುದಿಲ್ಲ. ಅವನ ಕಾಲ ಬುಡ ಅಂತ ಹೇಳಿಕೊಡಿ. ಮಗುವಿನ ಜೇಬಿನಲ್ಲಿ ಅಪ್ಪನ ಫೋನ್ ನಂಬರ್ ಬರೆದ ಚೀಟಿ ಇರಲಿ.

ಯಾರೂ ಕೇಳಲು ನಾಚುವ, ಆದರೆ ಎಲ್ಲರಿಗೂ ಬೇಕಾದ ವಿಷಯ ಶೌಚಾಲಯ. ಸ್ಕ್ವೇರ್ ಒಳಗೆ ಅದನ್ನು ಹುಡುಕಿಕೊಂಡು ಅಲೆಯಬೇಡಿ. ಒಂದೇ ಬ್ಲಾಕ್ ಪೂರ್ವಕ್ಕೆ, ಆರನೇ ಅವೆನ್ಯೂ ಆಚೆ, ಬ್ರ್ಯಾಂಟ್ ಪಾರ್ಕ್ ಇದೆ. 40 ಮತ್ತು 42ನೇ ಬೀದಿಗಳ ನಡುವೆ. 42ನೇ ಬೀದಿಯ ಬದಿಗೆ, ಗ್ರಂಥಾಲಯದ ಹತ್ತಿರ, ಒಂದು ಚಿಕ್ಕ ಕಲ್ಲಿನ ಕಟ್ಟಡ. ಸಾರ್ವಜನಿಕ ಶೌಚಾಲಯ ಅಂದರೆ ಮೂಗು ಮುಚ್ಚಿಕೊಳ್ಳುವವರು ಇದನ್ನು ನೋಡಬೇಕು. ಒಳಗೆ ಹೂವಿಟ್ಟಿರುತ್ತಾರೆ, ಸಂಗೀತ ಹಾಕಿರುತ್ತಾರೆ. ಸಾಲು ಇರುತ್ತದೆ, ಬೇಗ ಸರಿಯುತ್ತದೆ. ಉಚಿತ. ಪಾರ್ಕಿನಲ್ಲಿ ಚಳಿಗಾಲಕ್ಕೆ ಮಂಜುಗಡ್ಡೆಯ ಸ್ಕೇಟಿಂಗ್ ಅಂಗಳ ಮಾಡಿರುತ್ತಾರೆ, ಸುತ್ತ ಪುಟ್ಟ ಅಂಗಡಿಗಳು. ಕುರ್ಚಿಗಳು ಬೇಕಾದಷ್ಟು. ಪಕ್ಕದ ಗ್ರಂಥಾಲಯ 1911ರದ್ದು, ಒಳಗೆ ಹೋಗಲು ದುಡ್ಡಿಲ್ಲ, ಬೆಚ್ಚಗಿರುತ್ತದೆ. ಮುಂದಿನ ಎರಡು ಕಲ್ಲಿನ ಸಿಂಹಗಳು ಮೊಮ್ಮಗಳಿಗೆ ಇಷ್ಟವಾಗುತ್ತವೆ.

ಕಾರು ಬೇಡ ಅಂತ ಮಗನಿಗೆ ಹೇಳಿ. 2025ರ ಜನವರಿಯಿಂದ ಮ್ಯಾನ್‌ಹ್ಯಾಟನ್‌ನ 60ನೇ ಬೀದಿಯ ದಕ್ಷಿಣಕ್ಕೆ ಕಾರು ತಂದರೆ ಅದಕ್ಕೇ ಬೇರೆ ಶುಲ್ಕವಿದೆ. ಸುರಂಗದ ಟೋಲ್ ಬೇರೆ, ಪಾರ್ಕಿಂಗ್ ಬೇರೆ. ಎಡಿಸನ್‌ನಿಂದ ನ್ಯೂಜೆರ್ಸಿ ಟ್ರಾನ್ಸಿಟ್ ರೈಲು ನೇರವಾಗಿ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿಗೆ ಹೋಗುತ್ತದೆ, ಹೆಚ್ಚುಕಡಿಮೆ ಒಂದು ಗಂಟೆ. ಟಿಕೆಟ್ ಹತ್ತುವ ಮೊದಲೇ ಕೊಳ್ಳಿ. ರೈಲಿನೊಳಗೆ ಕೊಂಡರೆ ಜಾಸ್ತಿ. 62 ದಾಟಿದವರಿಗೆ ರಿಯಾಯಿತಿ ಇದೆ, ವಯಸ್ಸು ತೋರಿಸುವ ಚೀಟಿ ಜೊತೆಗಿರಲಿ.

ಪೆನ್ ಸ್ಟೇಷನ್ ಇರುವುದು 34ನೇ ಬೀದಿಯಲ್ಲಿ. ಎಲ್ಲರೂ ಅಲ್ಲಿಂದ ಏಳನೇ ಅವೆನ್ಯೂ ಹಿಡಿದು ನೆಟ್ಟಗೆ ಉತ್ತರಕ್ಕೆ ನಡೆಯುತ್ತಾರೆ. ನೀವು ಹಾಗೆ ಹೋಗಬೇಡಿ. 34ನೇ ಬೀದಿಯಲ್ಲೇ ಪೂರ್ವಕ್ಕೆ ಒಂದು ಬ್ಲಾಕ್ ನಡೆದು ಆರನೇ ಅವೆನ್ಯೂಗೆ ಬನ್ನಿ. ದಾರಿಯಲ್ಲಿ ಮೇಸೀಸ್ ಅನ್ನುವ ದೊಡ್ಡ ಅಂಗಡಿಯ, ಕ್ರಿಸ್‌ಮಸ್‌ಗೆ ಅಲಂಕರಿಸಿದ ಕಿಟಕಿಗಳು ಸಿಗುತ್ತವೆ. ಅಲ್ಲಿಂದ ಆರು ಬ್ಲಾಕ್ ಬ್ರ್ಯಾಂಟ್ ಪಾರ್ಕ್. ಮ್ಯಾನ್‌ಹ್ಯಾಟನ್‌ನಲ್ಲಿ ಉತ್ತರ-ದಕ್ಷಿಣವಾಗಿ ಇಪ್ಪತ್ತು ಬ್ಲಾಕ್ ಅಂದರೆ ಒಂದು ಮೈಲಿ ಅಂತ ಲೆಕ್ಕ. ಆರು ಬ್ಲಾಕ್ ಅರ್ಧ ಕಿಲೋಮೀಟರಿಗಿಂತ ಕಡಿಮೆ. ಪೂರ್ವ-ಪಶ್ಚಿಮದ ಬ್ಲಾಕ್‌ಗಳು ಮಾತ್ರ ತುಂಬಾ ಉದ್ದ, ಅದು ನೆನಪಿರಲಿ. ಪಾರ್ಕಿನಲ್ಲಿ ಕುಳಿತು, ಶೌಚಾಲಯ ಮುಗಿಸಿ, ಏನಾದರೂ ಬಿಸಿ ಕುಡಿದು, ನಾಲ್ಕಕ್ಕೆ ಮೊದಲು ಎದ್ದು ಆರನೇ ಅವೆನ್ಯೂದಲ್ಲೇ 47ರವರೆಗೆ ಹೋಗಿ, ಎಡಕ್ಕೆ ತಿರುಗಿ. ಆ ಬೀದಿಯ ಕೊನೆಯಲ್ಲಿ ನೀವು ಕೆಂಪು ಮೆಟ್ಟಿಲಿನ ಬಗಲಿಗೇ ಬಂದಿರುತ್ತೀರಿ. ಇಡೀ ಸ್ಕ್ವೇರ್‌ನ ಜನರನ್ನು ತಳ್ಳಿಕೊಂಡು ಬರುವ ಕೆಲಸವಿಲ್ಲ. ಮಂಡಿ ಒಪ್ಪದಿದ್ದರೆ ಪಾರ್ಕಿನಿಂದ ಟ್ಯಾಕ್ಸಿ ಹಿಡಿಯಿರಿ. ‘ಟೈಮ್ಸ್ ಸ್ಕ್ವೇರ್’ ಅನ್ನಬೇಡಿ. ‘47ನೇ ಬೀದಿ, ಆರನೇ ಅವೆನ್ಯೂ’ ಅನ್ನಿ. ಇಲ್ಲದಿದ್ದರೆ ಟ್ರಾಫಿಕ್‌ನಲ್ಲಿ ಮೀಟರು ಏರುತ್ತಾ ಕೂರಬೇಕು. ವಾಪಸ್ಸು ಬರುವಾಗಲೂ ಇದೇ ದಾರಿ. ಮೊದಲು ಆರನೇ ಅವೆನ್ಯೂಗೆ ಬಂದುಬಿಡಿ, ಮುಂದಿನದು ಅಲ್ಲಿ ನಿಂತು ಯೋಚಿಸಿ. ಒಂದೇ ಬ್ಲಾಕ್ ದೂರದಲ್ಲಿ ಅರ್ಧ ಗದ್ದಲ ಇಳಿದಿರುತ್ತದೆ.

ನಾಟಕ ನೋಡುವ ಮನಸ್ಸಿದ್ದರೆ ಅದನ್ನು ಬೇರೆ ದಿನ ಇಟ್ಟುಕೊಳ್ಳಿ. ಕೆಂಪು ಮೆಟ್ಟಿಲಿನ ಅಡಿಯಲ್ಲೇ ಟಿಕೆಟ್ ಕಟ್ಟೆ ಇದೆ, ಅಂದಿನ ಆಟದ ಟಿಕೆಟ್‌ಗಳನ್ನು ರಿಯಾಯಿತಿಯಲ್ಲಿ ಮಾರುತ್ತಾರೆ, ಅರ್ಧ ಬೆಲೆಗೂ ಸಿಗುವುದುಂಟು. 1973ರಿಂದ ನಡೆಯುತ್ತಿದೆ. ಮಗನನ್ನು ಸಾಲಿನಲ್ಲಿ ನಿಲ್ಲಿಸಿ ನೀವು ಬೆಂಚಿನ ಮೇಲೆ ಕೂರಿ. ಹಾಡು ಕುಣಿತದ ನಾಟಕವೇ ಆರಿಸಿ, ಅವರ ವೇಗದ ಇಂಗ್ಲಿಷ್ ಅರ್ಧ ಬಿಟ್ಟುಹೋದರೂ ನಷ್ಟವಿಲ್ಲ.

ಊಟ ಸ್ಕ್ವೇರ್ ಒಳಗೆ ಬೇಡ. ಬೆಲೆ ಜಾಸ್ತಿ, ರುಚಿ ಕಡಿಮೆ, ಕೂರಲು ಜಾಗವಿಲ್ಲ. ಪಶ್ಚಿಮಕ್ಕೆ ಎರಡು ಉದ್ದನೆಯ ಬ್ಲಾಕ್ ನಡೆದು ಒಂಬತ್ತನೇ ಅವೆನ್ಯೂಗೆ ಹೋದರೆ ಸಾಲು ಸಾಲು ಹೋಟೆಲುಗಳಿವೆ, ಎಲ್ಲ ದೇಶದವು. ಮಂಡಿಗೆ ಅದು ದೂರವೆನಿಸಿದರೆ ಟ್ಯಾಕ್ಸಿಯಲ್ಲಿ ಲೆಕ್ಸಿಂಗ್ಟನ್ ಅವೆನ್ಯೂದ 28ನೇ ಬೀದಿಯ ಸುತ್ತಮುತ್ತ ಹೋಗಿ. ಆ ಭಾಗವನ್ನು ಕರಿ ಹಿಲ್ ಅನ್ನುತ್ತಾರೆ. ದೋಸೆ, ಇಡ್ಲಿ, ಫಿಲ್ಟರ್ ಕಾಫಿ ಸಿಗುತ್ತವೆ. ಇನ್ನೊಂದು ದಿನ ಪುರುಸೊತ್ತಾಗಿ ಬಂದರೆ ಟೈಮ್ಸ್ ಸ್ಕ್ವೇರ್ ನಿಲ್ದಾಣದಿಂದ 7ನೇ ನಂಬರಿನ ಸಬ್‌ವೇ ಹಿಡಿದು ಕೊನೆಯ ನಿಲ್ದಾಣ ಫ್ಲಶಿಂಗ್‌ಗೆ ಹೋಗಿ. ಟಿಕೆಟ್ ಕೊಳ್ಳುವ ಗೋಜಿಲ್ಲ, ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ಅಲ್ಲಿ ಬೌನ್ ಸ್ಟ್ರೀಟಿನಲ್ಲಿ ಗಣೇಶನ ದೇವಸ್ಥಾನವಿದೆ. ದರ್ಶನ ಮುಗಿಸಿ ಅದರದೇ ಕ್ಯಾಂಟೀನಿಗೆ ಇಳಿಯಿರಿ. ದೋಸೆಗೆ ಸಾಲಿದ್ದರೂ ನಿಲ್ಲಿ.